ಗಾಯಾಳು ಮಾತಾಡಬಾರದು

ಸುನೌಲಿ ಗಡಿ

ನೇಪಾಳದ ಗಡಿಯಲ್ಲಿ ನಮ್ಮನ್ನು ತಡೆದದ್ದು ಮರದ ಹಲಗೆಗಳ ಸಲುವಾಗಿ. ಮುಂದಿನ ಬಸ್ಸಿನವರ ಚೀಲಗಳಲ್ಲಿ ಶಾಲು, ಸ್ವೆಟರು, ಉಪ್ಪಿನಕಾಯಿ. ನಮ್ಮ ತಗಡಿನ ಪೆಟ್ಟಿಗೆಯಲ್ಲಿ ಹತ್ತಿಯ ಉಂಡೆ, ಮೂರು ಮೂಲೆಯ ಬಿಳಿ ಬಟ್ಟೆಗಳು, ಒಂದು ಸೀಟಿ, ಒಂದು ಸ್ಟಾಪ್‌ವಾಚು. ಪೆಟ್ಟಿಗೆಗೆ ಹಿಡಿಸದ ಉದ್ದನೆಯ ಹಲಗೆಗಳನ್ನು ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದೆವು. ಪೊಲೀಸಿನವನು ಒಂದು ಹಲಗೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಡಾಕ್ಟರ್?" ಎಂದ.

"ಡಾಕ್ಟರ್ ಅಲ್ರಿ, ಚಾಂಪಿಯನ್" ಎಂದರು ಹನುಮಂತಪ್ಪ, ಕನ್ನಡದಲ್ಲೇ. ಬಂಡ್ರಿಯ ಈ ಮನುಷ್ಯರಿಗೆ ಜಗತ್ತಿನಲ್ಲಿ ಕನ್ನಡ ತಿಳಿಯದವರೂ ಇದ್ದಾರೆ ಎಂಬುದು ಇನ್ನೂ ಪೂರ್ತಿ ನಂಬಿಕೆಯಾಗಿಲ್ಲ.

ಕಂಪ್ಲಿಯ ಖಾಜಾಸಾಬರು ತಮ್ಮ ಉರ್ದುವಿನಲ್ಲಿ ವಿವರಿಸಿದರು. ಅದು ಸಾಲದೆಂದು ಹೊಸಪೇಟೆಯ ರಾಮಾಂಜಿನಿ ರಸ್ತೆಯಲ್ಲೇ ಮಲಗಿಬಿಟ್ಟ. ಖಾಜಾಸಾಬರು ಅವನ ಕೈಯನ್ನು ಮಡಚಿ ಕುತ್ತಿಗೆಗೆ ಜೋಳಿಗೆ ಕಟ್ಟಿ ತೋರಿಸಿದರು. ಹಿಂದೆ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು. ಪೊಲೀಸಿನವನು ನೋಡಿ ನೋಡಿ, ಕೊನೆಗೆ ಅಂಗಿಯ ತೋಳು ಮಡಚಿ ತನ್ನ ನೋಯುವ ಮೊಣಕೈಯನ್ನು ಮುಂದೆ ಚಾಚಿದ. ಅದಕ್ಕೂ ಒಂದು ಪಟ್ಟಿ ಬಿದ್ದ ಮೇಲೆ ನಾವು ವಿದೇಶ ಪ್ರವೇಶಿಸಿದೆವು.

ಈ ಮೂವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಇವರು ಸಂಡೂರಿನ ಗುಡ್ಡದ ಒಂದು ಅದಿರು ಗಣಿಯಲ್ಲಿ ನನ್ನ ಯಜಮಾನರ ಜೊತೆ ದುಡಿದವರು. ವರ್ಷಕ್ಕೊಮ್ಮೆ ಗಣಿಗಳ ನಡುವೆ ಪ್ರಥಮ ಚಿಕಿತ್ಸೆಯ ಸ್ಪರ್ಧೆ ನಡೆಯುತ್ತದೆ. ಒಬ್ಬ ಕಾರ್ಮಿಕ ಗಾಯಾಳುವಾಗಿ ಮೈದಾನದಲ್ಲಿ ಮಲಗುತ್ತಾನೆ. ನಾಲ್ಕು ಜನರ ತಂಡ ಓಡಿಬಂದು, ಮಾಡುವುದನ್ನೆಲ್ಲ ತೀರ್ಪುಗಾರರಿಗೆ ಕೂಗಿ ಹೇಳುತ್ತಾ, ಮುರಿದ ಕಾಲಿಗೆ ಹಲಗೆ ಕಟ್ಟಿ, ಸ್ಟ್ರೆಚರಿನಲ್ಲಿ ಹೊತ್ತು ಓಡಬೇಕು. ನಮ್ಮವರು ಆ ತಂಡದ ಕ್ಯಾಪ್ಟನ್. ರಾಮಾಂಜಿನಿ ಪರೀಕ್ಷಿಸಿ ಕೂಗುವವನು, ಹನುಮಂತಪ್ಪನವರದು ಹಲಗೆ, ಖಾಜಾಸಾಬರದು ಪಟ್ಟಿ ಮತ್ತು ಗಂಟು. ಈ ನಾಲ್ವರೂ ತಂದ ಕಪ್ಪುಗಳನ್ನು ಒರೆಸಿ ಒರೆಸಿ ನಮ್ಮ ಮನೆಯಲ್ಲಿ ಎಷ್ಟೋ ಪಂಚೆಗಳು ಹರಿದವು.

ಅಭ್ಯಾಸಕ್ಕೆ ಮಾತ್ರ ಗಾಯಾಳು ನಾನೇ. ಸಂಡೂರಿನ ಕ್ವಾರ್ಟರ್ಸಿನ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿಸುತ್ತಿದ್ದರು. ಎಡಕ್ಕೆ ಗೋಡೆ. ಕೂತು ಕೆಲಸ ಮಾಡಲು ಜಾಗವಿದ್ದದ್ದು ಬಲಗಡೆ ಮಾತ್ರ. ಹಾಗಾಗಿ ಪ್ರತಿ ವರ್ಷವೂ ನನ್ನ ಬಲಗಾಲೇ ಮುರಿಯುತ್ತಿತ್ತು. ಗಾಯಾಳು ನಗಬಾರದು, ಮಾತಾಡಬಾರದು. ಮಾತಾಡಿದರೆ ಮಾರ್ಕು ಕಟ್. ಹಲಗೆ ಕಟ್ಟುವ ಮೊದಲು ನನ್ನ ಕಾಲುಂಗುರ ತೆಗೆಯುವುದು ಕ್ಯಾಪ್ಟನ್ ಕೆಲಸ. ಮುರಿದ ಕಾಲು ಊದಿದರೆ ಉಂಗುರ ಬೆರಳಿಗೆ ಕಚ್ಚಿಕೊಂಡು ರಕ್ತ ಓಡದಂತೆ ಮಾಡುತ್ತದೆ. ಆದ್ದರಿಂದ ಮೊದಲು ಉಂಗುರ, ಆಮೇಲೆ ಹಲಗೆ. ಸೋಪು ಹಚ್ಚಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುವರು, ಎಲ್ಲ ಮುಗಿದ ಮೇಲೆ ತಾವೇ ತೊಡಿಸುವರು. ನಮ್ಮತ್ತೆ ಇದನ್ನು ನೋಡಿ, "ಇದ್ದ ಹೆಂಡ್ತೀನ್ನ ಇನ್ನ ಎಷ್ಟು ಸಲ ಮದುವಿ ಆಗ್ತೀಲೇ?" ಎನ್ನುತ್ತಿದ್ದರು.

ಹೋದ ವರ್ಷ ನಮ್ಮವರು ಹೋದರು. ಚಹಾ ಕುಡಿಯುತ್ತಾ ಎದೆ ಹಿಡಿದುಕೊಂಡರು. ಅದಕ್ಕೆ ಪಟ್ಟಿ ಕಟ್ಟಲು ಬರುವುದಿಲ್ಲ. ಆಮೇಲೆ ಬಂದ ಹೆಂಗಸರು ನನಗೆ ಮಾಡಬೇಕಾದ್ದನ್ನೆಲ್ಲ ಮಾಡಿದರು. ನಾನು ಸುಮ್ಮನೆ ಒಪ್ಪಿಸಿಕೊಂಡೆ. ಅದು ನನಗೆ ರೂಢಿಯಿತ್ತು.

ಮುಕ್ತಿನಾಥದ ಆಸೆ ಅವರದ್ದು. ಗುಡಿಯ ಹಿಂದಿನ ಗೋಡೆಯಲ್ಲಿ ನೂರೆಂಟು ಬಾಯಿಗಳಿಂದ ಹಿಮದ ನೀರು ಬೀಳುತ್ತದಂತೆ. ಒಂದನ್ನೂ ಬಿಡದೆ ಎಲ್ಲದರ ಕೆಳಗೂ ಓಡಬೇಕು, ಸ್ಟಾಪ್‌ವಾಚ್ ಹಿಡಿದು ಓಡಬೇಕು ಎನ್ನುತ್ತಿದ್ದರು. ಅವರು ಹೋದ ಮೇಲೆ ಮೂವರೂ, ನಿವೃತ್ತಿಯ ಮೇಲೆ ನಾವು ನೆಲೆಸಿದ್ದ ಹೊಸಪೇಟೆಯ ಮನೆಗೆ ಬಂದು ಕುಳಿತರು. ಜೊತೆಗೆ ಹನುಮಂತಪ್ಪನವರ ಹೆಂಡತಿ ಈರಮ್ಮ, ಚೋರನೂರಿನ ಮಗಳು.

"ಟೀಮ್ ಅಂದ್ರ ನಾಕು ಮಂದಿ. ಮೂರು ಮಂದಿ ಹೋಗಾಕ ಬರಂಗಿಲ್ಲ. ಕ್ಯಾಪ್ಟನ್ ಬದ್ಲಿ ನೀವ ಬರ್ರಿ ಅಕ್ಕಾರ" ಎಂದರು ಹನುಮಂತಪ್ಪ.

"ನಾನೂ ಬರ್ತೀನಿ. ಈ ಮೂರೂ ಮಂದೀನ್ನ ನಂಬಿ ಅಕ್ಕಾರನ್ನ ಕಳಸಾಕ ಆಗಂಗಿಲ್ಲ" ಎಂದರು ಈರಮ್ಮ.

ಒಪ್ಪಿದೆ. ನನಗೆ ಬೇಕಿದ್ದದ್ದು ಒಂದೇ. ಅವರ ವಾಚು ಹಿಡಿದು ಆ ನೂರೆಂಟರ ಕೆಳಗೂ ಹಾದುಬರಬೇಕು.

ಪೋಖರಾ

ಇಲ್ಲಿನ ಜನ ಎಲ್ಲದಕ್ಕೂ 'ಹಜುರ್' ಎನ್ನುತ್ತಾರೆ. ಚಹಾ ಬೇಕಾ ಹಜುರ್, ಬಚ್ಚಲು ಆ ಕಡೆ ಹಜುರ್. ಖಾಜಾಸಾಬರಿಗೆ ಇದು ಬಹಳ ಹಿಡಿಸಿತು. "ಮೂವತ್ತು ವರ್ಷ ಗಣ್ಯಾಗ ದುಡದೆ, ಒಬ್ಬ ನನ್ಮಗ ಹಜುರ್ ಅನ್ಲಿಲ್ಲ ನೋಡ್ರಿ" ಎಂದು ಮೀಸೆ ತಿರುವಿ ನಡೆಯತೊಡಗಿದರು.

ಊಟದ ಮನೆಯಲ್ಲಿ ಅನ್ನ, ಬೇಳೆ, ಸೊಪ್ಪಿನ ಪಲ್ಯ. ತಟ್ಟೆ ಖಾಲಿಯಾಗುವ ಮುಂಚೆಯೇ ಹಿಂದಿನಿಂದ ಒಂದು ಸೌಟು ಬಂದು ಮತ್ತೆ ತುಂಬುತ್ತದೆ. ನಮ್ಮ ಕಡೆ ಊಟಕ್ಕೆ ಕರೆದವರು "ಇನ್ನೊಂದೀಟು ಹಾಕ್ಕೋರಿ" ಎಂದು ಬಾಯಲ್ಲಿ ಒತ್ತಾಯ ಮಾಡುತ್ತಾರೆ, ಬೇಡ ಎನ್ನಲು ಸಮಯ ಸಿಗುತ್ತದೆ. ಇಲ್ಲಿ ಮಾತೇ ಇಲ್ಲ, ಸೌಟು ಮಾತ್ರ. ರಾಮಾಂಜಿನಿ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಬ್ಯಾಡವ್ವಾ, ಬ್ಯಾಡ! ಹೊಟ್ಟಿ ಸ್ಟ್ರೆಚರ್ ಮ್ಯಾಲ ಹೋಗಬೇಕಾಗ್ತೈತಿ!" ಎಂದು ಕೂಗಿದ. ಆ ಹೆಂಗಸು ನಕ್ಕು ಅವನ ಬೆರಳುಗಳ ಸಂದಿಯಿಂದಲೇ ಬೇಳೆ ಸುರಿದಳು.

ನಾನು ನಕ್ಕೆ. ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕೆ. ವರ್ಷದಿಂದ ನಕ್ಕಿರಲಿಲ್ಲವಾದ್ದರಿಂದ ಅದನ್ನು ನಿಲ್ಲಿಸಲು ಬರಲಿಲ್ಲ. ಪೋಖರಾದಿಂದ ಹೊರಟ ಜೀಪಿನಲ್ಲೂ ನಕ್ಕೆ. ಆ ದಾರಿ ಎಂಥದ್ದೆಂದರೆ, ನಮ್ಮ ಸಂಡೂರಿನ ಅದಿರಿನ ಲಾರಿಗಳು ಓಡಾಡಿದ ರಸ್ತೆ ಅದರ ಮುಂದೆ ಮೊಸರಿನಂತಿತ್ತು. ಪ್ರತಿ ಕುಲುಕಿಗೂ ಈರಮ್ಮ ಒಂದೊಂದು ದೇವರ ಹೆಸರು ಹೇಳಿದರು. ಊರ ದೇವರೆಲ್ಲ ಮುಗಿದು, ಕೊನೆಗೆ ಡ್ರೈವರನ ಹೆಸರನ್ನೇ ಕೇಳಿ ತಿಳಿದುಕೊಂಡು ಅದನ್ನು ಹೇಳತೊಡಗಿದರು.

ಕಾಗ್ಬೇನಿ

ಮುಕ್ತಿನಾಥಕ್ಕೆ ಇನ್ನು ಸ್ವಲ್ಪವೇ ದೂರ ಎನ್ನುವಾಗ ಕಾಗ್ಬೇನಿಯಲ್ಲಿ ಇಳಿದೆವು. ಇಲ್ಲಿ ಗಂಡಕಿ ನದಿಯ ಪಾತ್ರ ಕಂಪ್ಲಿಯ ಹೊಳೆಗಿಂತ ಅಗಲ, ನೀರು ಮಾತ್ರ ಎಳೆ ಎಳೆಯಾಗಿ. ಉಳಿದದ್ದೆಲ್ಲ ಕಲ್ಲು. ಹಂಪಿಯಲ್ಲಿ ಹುಟ್ಟಿದ ನನಗೆ ಕಲ್ಲು ಹೊಸತಲ್ಲ. ಆದರೆ ಹಂಪಿಯಲ್ಲಿ ಕಲ್ಲುಗಳು ಕೂತಲ್ಲಿ ಕೂತಿರುತ್ತವೆ, ನಾವು ಸುತ್ತಾಡುತ್ತೇವೆ. ಇಲ್ಲಿ ಕಾಲಿಟ್ಟ ಕಲ್ಲೆಲ್ಲ ಉರುಳುತ್ತದೆ. ಮಧ್ಯಾಹ್ನವಾದರೆ ಗಾಳಿ ಏಳುತ್ತದೆ. ಎಂಥ ಗಾಳಿ! ನನ್ನ ಸೀರೆ ಉಬ್ಬಿ, ಇನ್ನೇನು ನಾನು ಹಾರಿ ಮುಕ್ತಿನಾಥದಲ್ಲೇ ಇಳಿಯುತ್ತೇನೆ ಎನ್ನಿಸಿತು.

ಈ ನದಿಯಲ್ಲೇ ಸಾಲಿಗ್ರಾಮ ಸಿಗುವುದು. ನಮ್ಮ ತವರಿನಲ್ಲಿ ಸಾಲಿಗ್ರಾಮದ ಪೂಜೆಯಿದ್ದದ್ದರಿಂದ ಪರೀಕ್ಷೆಯ ಕೆಲಸ ನನ್ನದಾಯಿತು. ಈರಮ್ಮ ಕಂಡ ಕಪ್ಪು ಕಲ್ಲನ್ನೆಲ್ಲ ತಂದು, "ಇದು ಹೌದೇನ್ರಿ ಅಕ್ಕಾರ?" ಎನ್ನುವರು. ನಾನು ಅಲ್ಲವೆಂದರೂ ಮಡಿಲಿಗೆ ಹಾಕಿಕೊಳ್ಳುವರು. "ಇರ್ಲಿ ಬಿಡ್ರಿ, ಇವತ್ತಲ್ಲ ನಾಳೆ ಆದೀತು." ಮಡಿಲು ತುಂಬಿ ಈರಮ್ಮ ತುಂಬು ಬಸುರಿಯಂತೆ ಕಂಡರು. ದಂಡೆಯಲ್ಲಿ ಉಣ್ಣೆಯ ಟೊಪ್ಪಿಗೆ ಮಾರುತ್ತಿದ್ದ ಒಬ್ಬ ಮುದುಕಿ ನಮ್ಮನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಅವಳನ್ನು ನೋಡಿ ನಾನೂ ನಕ್ಕೆ, ನಗುತ್ತಾ ಹೆಜ್ಜೆ ಇಟ್ಟೆ, ಕಲ್ಲು ಉರುಳಿತು. ನನ್ನ ಎಡಗಾಲಿನ ಪಾದ ಒಳಕ್ಕೆ ಮಡಚಿಕೊಂಡಿತು. ಒಳಗೆಲ್ಲೋ ಟಕ್ ಎಂದಿತು. ಬಿದ್ದೆ.

ಸೀಟಿ ಕೂಗಿತು.

ಮೂವರು ಮೂರು ಕಡೆಯಿಂದ ಓಡಿಬಂದರು. ಅರವತ್ತು ದಾಟಿದವರು ಆ ಕಲ್ಲುಗಳ ಮೇಲೆ ಹೇಗೆ ಓಡಿದರೋ. ರಾಮಾಂಜಿನಿ ನನ್ನ ಪಕ್ಕ ಬಂದವನೇ ಟೊಪ್ಪಿಗೆಯ ಮುದುಕಿಯ ಕಡೆ ತಿರುಗಿ, ಎದೆ ಸೆಟೆಸಿ ನಿಂತು ಕೂಗಿದ:

"ಸರ್! ಜಾಗ ಸುರಕ್ಷಿತ ಐತಿ ಸರ್! ಗಾಯಾಳುಗೆ ಪ್ರಜ್ಞೆ ಐತಿ ಸರ್! ಬಲಗಾಲಿನ ಎಲುಬು ಮುರದೈತಿ ಸರ್!"

ಮುದುಕಿ ಗಾಬರಿಯಿಂದ ತಲೆಯಾಡಿಸಿದಳು.

ಪೆಟ್ಟಿಗೆ ಬಂತು, ಹಲಗೆ ಬಂತು. ನಾನು ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಜೋಡಿಸಿ ಮಲಗಿದ್ದೆ. ಎಡಗಾಲು ಸುಡುತ್ತಿತ್ತು. ಅವರ ಕೈಗಳು ಮಾತ್ರ ಬಲಗಾಲಿನ ಮೇಲೆ ಓಡಾಡುತ್ತಿದ್ದವು. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಆ ಹಲಗೆಯ ನುಣುಪು, ಮೊಣಕಾಲಿನ ಹಿಂದೆ ಹತ್ತಿ ತುರುಕುವ ಹನುಮಂತಪ್ಪನವರ ಒರಟು ಬೆರಳು, ಎಲುಬಿನ ಮೇಲೆ ಬಾರದಂತೆ ಖಾಜಾಸಾಬರು ಪಕ್ಕಕ್ಕೆ ಹಾಕುವ ಗಂಟು, ಎಲ್ಲ ನನಗೆ ಕಣ್ಣು ಮುಚ್ಚಿಯೇ ಗೊತ್ತು. ಒಂದು ಗಳಿಗೆ ನಾನು ಸಂಡೂರಿನ ನಡುಮನೆಯಲ್ಲಿದ್ದೆ. ಮಾತಾಡಿದರೆ ಅದು ಹೋಗಿಬಿಡುತ್ತಿತ್ತು.

"ಮಸ್ತ್ ಆತು!" ಎಂದರು ಹನುಮಂತಪ್ಪ.

ಕೊನೆಗೆ ಬೆರಳುಗಳ ಬಣ್ಣ ನೋಡಬೇಕು. ಪಟ್ಟಿ ಬಿಗಿಯಾಗಿದ್ದರೆ ಬೆರಳು ನೀಲಿಯಾಗುತ್ತದೆ. ಅದಕ್ಕೆಂದು ಬೂಟಿಗೆ ಕೈಹಾಕಿದ ಖಾಜಾಸಾಬರು ಒಮ್ಮೆಲೇ ಚೀರಿದರು: "ಲೇ, ಉಂಗುರ! ಕಾಲುಂಗುರ ಯಾರು ತೆಗದ್ರಲೇ?"

ಯಾರೂ ತೆಗೆದಿರಲಿಲ್ಲ. ಅದು ಕ್ಯಾಪ್ಟನ್ ಕೆಲಸ. ಖಾಜಾಸಾಬರು ಗಡಿಬಿಡಿಯಿಂದ ಬೂಟು ಕಳಚಿ, ಕಾಲುಚೀಲ ಎಳೆದರು. ನನ್ನ ಬರಿ ಬೆರಳು ಹೊರಗೆ ಬಂತು. ಅವರ ಕೈ ಅಲ್ಲೇ ನಿಂತಿತು.

ಕಣ್ಣು ಬಿಟ್ಟು ನೋಡಿದೆ. ಮೂವರೂ ಆ ಬೆರಳನ್ನೇ ನೋಡುತ್ತಿದ್ದರು. ಯಾರೂ ನನ್ನ ಮುಖ ನೋಡಲು ಒಲ್ಲರು. ಗಾಳಿ ಬೀಸುತ್ತಿತ್ತು.

"ಖಾಜಾಣ್ಣ, ಉಂಗುರ ಹೋಗಿ ವರ್ಷ ಆತು. ಮತ್ತ, ಮುರದಿದ್ದು ಆ ಕಾಲಲ್ಲ" ಎಂದೆ.

ನನ್ನ ಗಾಯಾಳು ವೃತ್ತಿಯಲ್ಲಿ ನಾನಾಡಿದ ಮೊದಲ ಮಾತು ಅದು.

ಹನುಮಂತಪ್ಪ ರಾಮಾಂಜಿನಿಯ ಕಡೆ ತಿರುಗಿದರು. "ಲೇ ರಾಮಾಂಜಿನಿ, ಕಣ್ಣು ಎಲ್ಲಿ ಇಟ್ಟಿದ್ದಿ?"

"ಯಾವಾಗ್ಲೂ ಬಲಗಾಲ ಅಲ್ಲೇನಪ್ಪಾ!"

"ಮನಿ ತುಂಬ ಕಪ್ ತಂದ್ರಿ," ಎಂದು ಈರಮ್ಮ ಮಡಿಲ ಕಲ್ಲುಗಳ ಸಮೇತ ಏದುಸಿರು ಬಿಡುತ್ತಾ ಬಂದರು, "ಯಾವ ಕಾಲು ಅಂತ ಕೇಳಾಕ ಒಬ್ಬರಿಗೂ ಬಾಯಿ ಇರಲಿಲ್ಲೇನ್ರಿ?"

ನನಗೆ ನಗು ಬಂತು. ನಕ್ಕರೆ ಎಡಗಾಲು ನೋಯುತ್ತಿತ್ತು, ನೋವಿಗೆ ಅಯ್ಯೋ ಎಂದರೆ ಅವರ ಮುಖ ನೋಡಿ ಮತ್ತೆ ನಗು. ಖಾಜಾಸಾಬರು ನಕ್ಕರು, ಮುದುಕಿ ನಕ್ಕಳು, ಹನುಮಂತಪ್ಪ ಮಾತ್ರ ತಾವು ಕಟ್ಟಿದ ಚೆಂದದ ಹಲಗೆಯನ್ನು ಬಿಚ್ಚಲು ಮನಸ್ಸಿಲ್ಲದೆ ನಿಂತಿದ್ದರು. ಆ ನಗುವಿನ ನಡುವೆ ಎಲ್ಲೋ ಅತ್ತುಬಿಟ್ಟೆ. ಗಾಳಿಗೆ ಎಲ್ಲರ ಕಣ್ಣಲ್ಲೂ ನೀರು ಸುರಿಯುತ್ತಿದ್ದರಿಂದ ಯಾರೂ ಕೇಳಲಿಲ್ಲ.

ಎರಡನೆಯ ಸಲ ಯಾರೂ ಕೂಗಲಿಲ್ಲ. ಎಡಗಾಲಿನ ಬೂಟನ್ನು ಎಳೆಯದೆ, ಲೇಸು ಪೂರ್ತಿ ಬಿಚ್ಚಿ, ಅಗಲಿಸಿ ತೆಗೆದರು. ಕಾಲು ಆಗಲೇ ಊದಿತ್ತು. ಹನುಮಂತಪ್ಪ ಅದನ್ನು ನೆಟ್ಟಗೆ ಮಾಡಲು ಹೋಗಲಿಲ್ಲ, ಇದ್ದ ಹಾಗೆಯೇ ಎರಡೂ ಕೈಯಲ್ಲಿ ಹಿಡಿದರು. "ಇಲ್ಲಿ ನೋಯ್ತೈತೇನ್ರಿ? ಇಲ್ಲಿ? ಬೆರಳು ಜುಮ್ ಅಂತಾವೇನು?" ಎಂದು ಒಂದೊಂದಕ್ಕೂ ಕೇಳಿದರು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಈರಮ್ಮ ನದಿಯಲ್ಲಿ ಟವೆಲ್ ಅದ್ದಿ ತಂದು ಊತದ ಮೇಲೆ ಇಟ್ಟರು. ಅದು ಮಂಜುಗಡ್ಡೆಯೇ. ಬಲಗಾಲಿನ ಹಲಗೆ ಬಿಚ್ಚಿ ಎಡಗಾಲಿಗೆ ಕಟ್ಟಿದರು. ಖಾಜಾಸಾಬರು ನನ್ನ ಹೆಬ್ಬೆರಳ ಉಗುರನ್ನು ಒತ್ತಿ ಬಿಟ್ಟು, ಬೆಳ್ಳಗಾದದ್ದು ಮತ್ತೆ ಕೆಂಪಗಾಯಿತೇ ಎಂದು ನೋಡಿದರು. ಆಯಿತು.

ಆದರೆ ಎತ್ತುವುದು ಕೆಟ್ಟಿತು. ಎರಡು ಗಳ, ಒಂದು ಕಂಬಳಿಯಿಂದ ಸ್ಟ್ರೆಚರ್ ಮಾಡಿ ನನ್ನನ್ನು ಮಲಗಿಸಿದರು. ಮೂವರು ಮೂರು ಮೂಲೆ ಹಿಡಿದರು, ಕ್ಯಾಪ್ಟನ್ ಮೂಲೆಗೆ ಜೀಪಿನ ಡ್ರೈವರ್ ಬಂದ. ಎಲ್ಲರೂ ಬಗ್ಗಿ ಕಾಯುತ್ತಿದ್ದರು. ಎತ್ತು ಎಂದು ಹೇಳುವವರೇ ಇಲ್ಲ. ಅದನ್ನು ಹೇಳುತ್ತಿದ್ದವರು ಒಬ್ಬರೇ. ಹನುಮಂತಪ್ಪ ರಾಮಾಂಜಿನಿಯ ಮುಖ ನೋಡಿದರು, ರಾಮಾಂಜಿನಿ ಖಾಜಾಸಾಬರ ಮುಖ ನೋಡಿದ. ಕೊನೆಗೆ ಒಬ್ಬೊಬ್ಬರು ಒಂದೊಂದು ಸಲ ಎತ್ತಿ, ನಾನು ವಾಲಿ, ಚೀರಿ, ಹೇಗೋ ಜೀಪು ಸೇರಿದೆ. ಜೀಪು ಮುಕ್ತಿನಾಥಕ್ಕೆ ಬೆನ್ನು ಮಾಡಿ ಕೆಳಗೆ ಜೋಮ್ಸೋಮಿನ ಆಸ್ಪತ್ರೆಗೆ ಹೊರಟಿತು. ಪೆಟ್ಟಿಗೆಯಿಂದ ತೆಗೆದು ಬ್ಲೌಸಿನೊಳಗೆ ಇಟ್ಟುಕೊಂಡಿದ್ದ ವಾಚನ್ನು ಮುಟ್ಟಿ ನೋಡಿಕೊಂಡೆ. ಹಿಂದಿನ ಗಾಜಿನಲ್ಲಿ ಬೆಟ್ಟ ಸಣ್ಣದಾಗುತ್ತಾ ಹೋಯಿತು.

ಜೋಮ್ಸೋಮ್

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಹಲಗೆ ನೋಡಿ, "ಯಾರು ಕಟ್ಟಿದ್ದು? ಚೆನ್ನಾಗಿದೆ" ಎಂದಳು. ಮೂವರೂ ಒಟ್ಟಿಗೆ ಕೆಮ್ಮಿದರು. "ಬಲಗಾಲಿನ ಮೇಲೂ ಪಟ್ಟಿಯ ಗುರುತಿದೆಯಲ್ಲ?" ಎಂದಳು. ಮೂವರೂ ಕಿಟಕಿಯಾಚೆಯ ಹಿಮ ನೋಡತೊಡಗಿದರು.

ಎಕ್ಸ್‌ರೇಯಲ್ಲಿ ಕಾಲಿನ ಗಂಟಿನ ಹೊರಮೂಳೆ ಬಿರುಕು ಬಿಟ್ಟಿತ್ತು, ಜಾಗ ಬಿಟ್ಟು ಸರಿದಿರಲಿಲ್ಲ. ಅರ್ಧ ಪ್ಲಾಸ್ಟರ್ ಹಾಕಿದಳು. ಕಾಲನ್ನು ಎತ್ತರದಲ್ಲಿಡಬೇಕು, ನೆಲಕ್ಕೆ ಊರಬಾರದು, ಪ್ಲಾಸ್ಟರಿಗೆ ನೀರು ತಾಗಬಾರದು, ಊರಿಗೆ ಹೋದ ಕೂಡಲೇ ಮತ್ತೆ ತೋರಿಸಬೇಕು.

ನೀರು ಎಂದಾಗ ನನ್ನ ಮುಖ ಹೇಗಾಯಿತೋ, ಖಾಜಾಸಾಬರು ಡಾಕ್ಟರ ಮುಂದೆ ಕುರ್ಚಿ ಎಳೆದುಕೊಂಡು ಕುಳಿತು ಉರ್ದುವಿನಲ್ಲಿ ಎಲ್ಲ ಹೇಳಿದರು. ನಮ್ಮವರ ಆಸೆ, ನೂರೆಂಟು ಬಾಯಿ, ವಾಚು. ಕಂಪ್ಲಿಯ ಸಾಬರೊಬ್ಬರು ವಿಷ್ಣುವಿನ ಗುಡಿಗೆ ಹೋಗಲು ವಾದ ಮಾಡಿದ ರೀತಿ ನೋಡಿದರೆ ನಮ್ಮ ಹಂಪಿಯ ಪುರೋಹಿತರು ನಾಚಬೇಕು.

"ಗುಡಿಯ ಏರು ಹತ್ತಲು ಕುದುರೆ ಬೇಡ, ಕಾಲು ಜೋತುಬಿದ್ದು ಊದುತ್ತದೆ" ಎಂದಳು ಡಾಕ್ಟರು.

"ಕುದುರಿ ಯಾಕ ಬೇಕ್ರಿ, ನಾವಿಲ್ಲೇನು?" ಎಂದರು ಹನುಮಂತಪ್ಪ. ಖಾಜಾಸಾಬರು ಅದನ್ನು ಉರ್ದು ಮಾಡಿದರು.

ಅವಳು ಯೋಚಿಸಿದಳು. ಎರಡು ರಾತ್ರಿ ಇಲ್ಲೇ ಇದ್ದು ಊತ ಇಳಿದರೆ ಹೋಗಬಹುದು, ಕಾಲು ಮಾತ್ರ ಒಣಗಿಯೇ ವಾಪಸ್ ಬರಬೇಕು ಎಂದಳು.

ಆ ಎರಡು ದಿನ ಖಾಜಾಸಾಬರು ಗಳಿಗೆಗೊಮ್ಮೆ ಬಾಗಿಲಲ್ಲಿ ನಿಂತು, "ಬೆರಳು ಆಡಸ್ರಿ ಅಕ್ಕಾರ" ಎನ್ನುವರು. ನಾನು ಆಡಿಸುವೆ. ವಸತಿಗೃಹದ ಯಜಮಾನಿ ಇದು ನಮ್ಮೂರಿನ ನಮಸ್ಕಾರವಿರಬೇಕು ಎಂದು ತಿಳಿದು, ತಾನೂ ಚಹಾ ತಂದಾಗಲೆಲ್ಲ ನನಗೆ ಕಾಲ್ಬೆರಳು ಆಡಿಸಿ ತೋರಿಸತೊಡಗಿದಳು.

ಮುಕ್ತಿನಾಥ

ಊತ ಇಳಿಯಿತು, ಹೋದೆವು. ಜೀಪು ನಿಂತ ಮೇಲೆ ಗುಡಿಗೆ ಏರುದಾರಿ, ಮೆಟ್ಟಿಲು. ಅಲ್ಲಿ ಗಾಳಿ ಎಷ್ಟು ತೆಳುವೆಂದರೆ ತಲೆ ಹಗುರವಾಗಿ, ಕುಡಿಯದೆಯೇ ಕುಡಿದಂತಾಗುತ್ತದೆ. ಏನೂ ಆಗದಿದ್ದರೂ ನಗು ಬರುತ್ತದೆ. ಹನುಮಂತಪ್ಪ ಬುತ್ತಿ ಹೊತ್ತ ಕುದುರೆಗೆ ನಮಸ್ಕಾರ ಹೇಳಿದರು. ರಾಮಾಂಜಿನಿ ನನ್ನ ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲದ ಮೇಲೆ ಚೀಲ ತೊಡಿಸಿ, ತನ್ನ ರೇನ್‌ಕೋಟಿನ ತೋಳನ್ನೇ ಕತ್ತರಿಸಿ ಅದರ ಮೇಲೇರಿಸಿ ರಬ್ಬರ್ ಹಾಕಿದ. ಕಾಲಿನ ಕೆಳಗೆ ದಿಂಬು.

ಕಂಬಳಿಯ ಸ್ಟ್ರೆಚರ್ ಸಿದ್ಧವಾಯಿತು. ಮೂವರು ಮೂರು ಮೂಲೆ ಹಿಡಿದರು. ಡ್ರೈವರನನ್ನು ಕರೆಯಲು ರಾಮಾಂಜಿನಿ ತಿರುಗುವಷ್ಟರಲ್ಲಿ ಈರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಲ್ಕನೆಯ ಮೂಲೆಗೆ ಬಂದು ಬಗ್ಗಿದರು.

"ಏ, ನಿನಗ ಟ್ರೇನಿಂಗ್ ಇಲ್ಲ" ಎಂದರು ಅವರ ಗಂಡ.

"ಚೋರನೂರಾಗ ಸಜ್ಜಿ ಹೊರಿ ಹೊತ್ತಾಕಿ ನಾನು. ಹೊರಿ ಎಂದೂ ಬಲಗಾಲು ಎಡಗಾಲು ಅಂದಿಲ್ಲ. ಹಿಡೀರಿ ಸುಮ್ಕ!"

ಹಿಡಿದರು. ಬಗ್ಗಿದರು. ಮತ್ತೆ ಅದೇ ಆಯಿತು. ನಾಲ್ವರೂ ನೆಲ ನೋಡುತ್ತಾ ಕಾಯುತ್ತಿದ್ದರು. ಆ ಮಾತನ್ನು ತಮ್ಮ ಬಾಯಲ್ಲಿ ಆಡಲು ಮೂವರಿಗೂ ಮನಸ್ಸಿಲ್ಲ. ಕೇಳಿಸುತ್ತದೆಯೋ ಎಂಬಂತೆ ಕಾಯುತ್ತಿದ್ದರು. ನಾನೂ ಕಾದೆ. ಮೇಲೆ ಬಣ್ಣದ ಬಾವುಟಗಳು ಪಟಪಟ ಹೊಡೆದುಕೊಳ್ಳುತ್ತಿದ್ದವು.

"ಟೀಮ್," ಎಂದೆ. ಮೊಣಕೈ ಊರಿ ತಲೆಯೆತ್ತಿ ಮತ್ತೆ ಕೂಗಿದೆ. "ಟೀಮ್! ಎತ್ತಾಕ ತಯಾರ್! ತಲಿ ಮುಂದ, ಕಾಲು ಹಿಂದ. ಎಲ್ಲಾರೂ ಕೂಡಿ... ಎತ್ತು!"

ನಾನು ನೀರಿನ ಮೇಲೆ ಎದ್ದಂತೆ ಎದ್ದೆ. ಒಂದು ಕುಲುಕಿಲ್ಲ.

"ಎಡಗಾಲಿಂದ... ನಡಿ!"

ಮೆಟ್ಟಿಲು ಮೆಟ್ಟಿಲಿಗೂ ಹೇಳಿದೆ. ನಿಲ್ಲು, ಉಸಿರು ತಗೊ, ಕೈ ಬದಲಿ ಮಾಡು, ನಡಿ. ಆ ಮಾತುಗಳೆಲ್ಲ ನನ್ನೊಳಗೆ ಇದ್ದದ್ದು ನನಗೇ ಗೊತ್ತಿರಲಿಲ್ಲ. ಚಾಪೆಯ ಮೇಲೆ ಕಣ್ಣು ಮುಚ್ಚಿ ಎಷ್ಟು ಸಲ ಕೇಳಿದ್ದೆನೋ. ತಲೆ ಮುಂದಾಗಿ ಹೊತ್ತದ್ದರಿಂದ ಗುಡಿ ನನಗೆ ಕಾಣಲಿಲ್ಲ. ಕಂಡದ್ದು ಬಿಟ್ಟುಬಂದ ದಾರಿ, ಕೆಳಗೆ ಗಂಡಕಿ, ಅದರಾಚೆ ಬೆಳ್ಳಗೆ ಕೂತ ಬೆಟ್ಟಗಳು. ಇಳಿದು ಬರುತ್ತಿದ್ದ ಯಾತ್ರಿಕರು ಯಾರೋ ದೊಡ್ಡ ಗುರುವನ್ನು ಹೊತ್ತು ತರುತ್ತಿದ್ದಾರೆಂದು ತಿಳಿದು ನನಗೆ ಕೈಮುಗಿದರು. ನಾನು ಕೈಯೆತ್ತಿ ಹರಸಿದೆ. ಏನು ಮಾಡಲಿ?

ಗೋಡೆಯ ಹತ್ತಿರ ಬಂದಾಗ ನೀರಿನ ಸದ್ದು ಕೇ‌ಳಿಸಿತು. ಹಸುವಿನ ಮುಖದ ಪುಟ್ಟ ಬಾಯಿಗಳು, ಒಂದರ ಪಕ್ಕ ಒಂದು, ಅರ್ಧ ಚಂದ್ರದ ಹಾಗೆ ಸಾಲಾಗಿ. ವಾಚು ತೆಗೆದೆ.

"ಟೀಮ್! ಕಾಲು ಹೊರಗಿನ ಕಡೆ. ಒಂದೂ ಬಿಡಂಗಿಲ್ಲ. ಓಡು!"

ಗುಂಡಿ ಒತ್ತಿದೆ. ಮೊದಲ ನೀರು ಹಣೆಗೆ ಬಿದ್ದಾಗ ಉಸಿರೇ ನಿಂತಿತು. ಎರಡನೆಯದಕ್ಕೆ ಕೂಗಿದೆ. ಆಮೇಲೆ ಎಲ್ಲರೂ ಕೂಗಿದರು. ಹನುಮಂತಪ್ಪ ಅಪ್ಪಾ ಅಪ್ಪಾ ಎಂದರು, ಖಾಜಾಸಾಬರು ಯಾ ಅಲ್ಲಾ ಎಂದರು, ಈರಮ್ಮ ಪೋಖರಾದ ಡ್ರೈವರನ ಹೆಸರು ಕೂಗಿದರು. ಕಾಲು ದಿಂಬಿನ ಮೇಲೆ ರೇನ್‌ಕೋಟಿನಲ್ಲಿ ರಾಜನಂತೆ ಕೂತಿತ್ತು. ನೀರು ಮುಖದ ಮೇಲೆ, ಎದೆಯ ಮೇಲೆ, ತೆರೆದ ಬಾಯೊಳಗೆ. "ಜಲ್ದಿ! ಜಲ್ದಿ! ಹಿಂದಿನವರು ಜಲ್ದಿ!" ಎಂದು ಕಿರುಚುತ್ತಲೇ ಇದ್ದೆ. ಕಿರುಚುತ್ತಿದ್ದದ್ದು ನಾನೇ ಎಂದು ನಂಬಲು ಆಗುತ್ತಿರಲಿಲ್ಲ. ಗುಡಿಯ ದೀಪ ನೋಡಿಕೊಳ್ಳುವ ಸನ್ಯಾಸಿನಿ ಹೊರಗೆ ಬಂದು, ಎಣ್ಣೆಯ ಪಾತ್ರೆ ಹಿಡಿದುಕೊಂಡೇ ನಿಂತು ನೋಡಿದಳು.

ಕೊನೆಯ ಬಾಯಿ ದಾಟಿದೆವು.

"ಟೀಮ್, ನಿಲ್ಲು! ಇಳಸು!"

ಇಳಿಸಿದರು. ನಾಲ್ವರೂ ನನ್ನ ಸುತ್ತ ಒದ್ದೆ ಕಾಗೆಗಳಂತೆ ನಡುಗುತ್ತಾ ಕುಕ್ಕರಿಸಿದರು.

"ಎಷ್ಟು ಬಂತ್ರಿ ಅಕ್ಕಾರ?" ಎಂದರು ಹನುಮಂತಪ್ಪ, ಹಲ್ಲು ಕಟಕಟಿಸುತ್ತಾ.

ನೋಡಿದೆ. ವಾಚು ನೀರು ಕುಡಿದು ಸೊನ್ನೆಯ ಹತ್ತಿರವೇ ನಿಂತಿತ್ತು.

"ಹೊಂಟಲ್ಲೇ ನಿಂತೈತಿ."

"ಹಂಗಾದ್ರ ರೆಕಾರ್ಡ್ ನಮ್ದ!" ಎಂದು ಅವರು ನೆಲಕ್ಕೆ ಕೈ ಬಡಿದರು.

ಖಾಜಾಸಾಬರು ರೇನ್‌ಕೋಟಿನ ತೋಳು ಸರಿಸಿ, ಪ್ಲಾಸ್ಟರ್ ಮುಟ್ಟಿ ನೋಡಿದರು. ಒಣಗಿತ್ತು. ಉಗುರು ಒತ್ತಿ ಬಿಟ್ಟರು. ಬೆಳ್ಳಗಾಯಿತು, ಕೆಂಪಗಾಯಿತು. "ಬೆರಳು ಆಡಸ್ರಿ ಅಕ್ಕಾರ." ಆಡಿಸಿದೆ.

ರಾಮಾಂಜಿನಿ ಸನ್ಯಾಸಿನಿಯ ಕಡೆ ತಿರುಗಿ, ನೀರು ಸುರಿಯುತ್ತಿದ್ದ ಅಂಗಿಯಲ್ಲಿ ಸೆಟೆದು ನಿಂತ. "ಸರ್! ಗಾಯಾಳು ಸುರಕ್ಷಿತ ಅದಾರ ಸರ್! ಆದ್ರ ಗಾಯಾಳು ಭಾಳ ಮಾತಾಡ್ಯಾರ, ಮಾರ್ಕ್ ಕಟ್ ಮಾಡ್ರಿ ಸರ್!"

ಅವಳಿಗೆ ಏನು ಅರ್ಥವಾಯಿತೋ, ಬಂದು ನನ್ನ ಒದ್ದೆ ಹಣೆಗೆ ತನ್ನ ಬೆಚ್ಚಗಿನ ಅಂಗೈ ಇಟ್ಟಳು.

ಅವತ್ತು ಜೀಪಿನಲ್ಲಿ ಕಾಲನ್ನು ಈರಮ್ಮನ ಕಲ್ಲುಗಳ ಗಂಟಿನ ಮೇಲಿಟ್ಟುಕೊಂಡು ಕುಳಿತೆ. ನಮ್ಮವರು ಮೊದಲ ಸಲ ನನ್ನ ಬಲಗಾಲು ಮುರಿದ ದಿನ ಗಂಟು ಬಿಚ್ಚಲು ಬಾರದೆ ನನ್ನನ್ನು ಹಲಗೆ ಸಮೇತ ಊಟಕ್ಕೆ ಕೂರಿಸಿದ ಕಥೆಯಿಂದ ಶುರುಮಾಡಿದೆ. ಪೋಖರಾ ಮುಟ್ಟುವವರೆಗೂ ನಾನು ಬಾಯಿ ಮುಚ್ಚಲಿಲ್ಲ.